‘ಪರವಾಗಿಲ್ಲ’ ಎಂಬ ಉತ್ತರ ಒಪ್ಪದ ಡೆಲ್ಫೀನ್ ಓಕರ್‌ಲುಂಡ್

ಮಿನೆಸೋಟದ ಉತ್ತರ ಭಾಗದಲ್ಲಿ ಶಾಲಾಮಕ್ಕಳ ಆರೋಗ್ಯಕ್ಕಾಗಿ ದುಡಿದವರನ್ನು ನೆನೆಯುವಾಗ ಶ್ರೀಮತಿ ಡೆಲ್ಫೀನ್ ಓಕರ್‌ಲುಂಡ್ ಅವರನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು ಎಂಬುದು ನಮ್ಮ ಬರ್ಚ್ ನ್ಯಾರೋಸ್ ಊರಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನರ್ಸುಗಳು ಅವರನ್ನು ತಮ್ಮವರೆನ್ನುತ್ತಾರೆ, ಏಕೆಂದರೆ ಅವರು ಶಾಲೆಗೆ ಕಾಲಿಟ್ಟದ್ದೇ ನರ್ಸಾಗಿ. ಕಾನೂನು ಬಲ್ಲವರೂ ತಮ್ಮವರೆನ್ನುತ್ತಾರೆ, ಏಕೆಂದರೆ ಅವರ ಮೇಜಿನ ಮೇಲೆ ಥರ್ಮಾಮೀಟರಿನ ಪಕ್ಕದಲ್ಲೇ ಕಾಯ್ದೆಯ ಪುಸ್ತಕ ತೆರೆದಿರುತ್ತಿತ್ತು. ಹಿಂದಿನ ಪ್ರಿನ್ಸಿಪಾಲರಾದ ಶ್ರೀ ಗೇಲನ್ ಬ್ರಾಂಡ್‌ವೋಲ್ಡ್ ಅವರು ಒಮ್ಮೆ ತುಂಬಿದ ಸಭೆಯಲ್ಲಿ ಅವರನ್ನು ‘ಈ ಊರಿನ ಏಕೈಕ ಒರಟು ಹೆಂಗಸು’ ಎಂದು ಪರಿಚಯಿಸಿ, ಸಭೆ ಮುಗಿದ ಮೇಲೆ ತಾವೇ ಹೋಗಿ ಅವರ ಕಾರಿನ ಗಾಜಿನ ಮೇಲಿದ್ದ ಮಂಜನ್ನು ಕೆರೆದು ಬಂದರು. ಅವರನ್ನು ಬಲ್ಲವರೆಲ್ಲರಿಗೂ ಈ ಎರಡೂ ಕೆಲಸಗಳ ಅರ್ಥ ಗೊತ್ತಿದೆ.

ಅವರ ನಿವೃತ್ತಿಯ ನೆನಪಿಗೆ ತರುತ್ತಿರುವ ಈ ಸಂಪುಟಕ್ಕೆ ಬರೆಯುತ್ತಿರುವ ಇತರರಂತೆ ನಾನು ಅವರ ಸಹೋದ್ಯೋಗಿಯಾಗಿ ಅವರನ್ನು ಮೊದಲು ಕಂಡವಳಲ್ಲ. ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅವರ ಬಳಿ ಹೋದದ್ದು ಹೆದರಿದ ತಾಯಿಯಾಗಿ. ಅವರ ಸೇವೆಯ ಆರಂಭದ ವರ್ಷಗಳ ವಿಷಯ ಕೇಳಿ ತಿಳಿದದ್ದು. ಉಳಿದದ್ದು ಬಹುಪಾಲು ಕಣ್ಣಾರೆ ಕಂಡದ್ದು.

ಅವರ ಹುದ್ದೆಯ ಹೆಸರು ಉದ್ದವಾಗಿದೆ. ಊರಿನಲ್ಲಿ ಎಲ್ಲರೂ ಅದನ್ನು ‘ಐನೂರ ನಾಲ್ಕು’ ಎಂದಷ್ಟೇ ಕರೆಯುತ್ತಾರೆ. 1973ರ ಪುನರ್ವಸತಿ ಕಾಯ್ದೆಯ ಐನೂರ ನಾಲ್ಕನೆಯ ಸೆಕ್ಷನ್ ಹೇಳುವ ಮಾತು ಚಿಕ್ಕದು: ಕೇಂದ್ರ ಸರ್ಕಾರದ ಹಣ ಪಡೆಯುವ ಸಂಸ್ಥೆಯು ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು. ನಡೆಯಲಾರದ ಮಗುವಿಗೆ ಮಾತ್ರವಲ್ಲ, ಮಧುಮೇಹ, ಅಪಸ್ಮಾರ, ಉಬ್ಬಸ, ಪ್ರಾಣಕ್ಕೆ ಕುತ್ತಾಗುವ ಅಲರ್ಜಿಗಳಿರುವ ಮಗುವಿಗೂ ಆ ಮಾತಿನ ಆಸರೆಯಿದೆ. ಅಂಥ ಮಗುವಿಗೆ ಏನೇನು ಅನುಕೂಲ ಮಾಡಿಕೊಡಬೇಕು ಎಂಬುದನ್ನು ಶಾಲೆಯವರು ಮನೆಯವರೊಂದಿಗೆ ಕುಳಿತು ಒಂದು ಯೋಜನೆಯಾಗಿ ಬರೆಯುತ್ತಾರೆ. ಬರೆದ ಮೇಲೆ ಅದು ಶಿಕ್ಷಕರಿಗೆ ಮಾಡಿಕೊಂಡ ವಿನಂತಿಯಾಗಿ ಉಳಿಯುವುದಿಲ್ಲ. ಇಷ್ಟವಿದ್ದರೂ ಇಲ್ಲದಿದ್ದರೂ, ಆ ಮಗುವನ್ನು ಇಷ್ಟಪಟ್ಟರೂ ಪಡದಿದ್ದರೂ, ಅದರಂತೆ ನಡೆಯಲೇಬೇಕು; ನಡೆಯದಿದ್ದರೆ ಮನೆಯವರು ಕೇಂದ್ರ ಸರ್ಕಾರದ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಬಹುದು.

ಕೇಳಲು ಸರಳ. ಆದರೆ ನಮ್ಮ ಊರಿನಂಥ ಸಜ್ಜನರ ಊರಿನಲ್ಲಿ ಇದನ್ನು ನಡೆಸುವುದು ಕಷ್ಟ. ಇಲ್ಲಿ ಯಾರೂ ಯಾರಿಗೂ ‘ಆಗುವುದಿಲ್ಲ’ ಎನ್ನುವುದಿಲ್ಲ, ‘ನೋಡೋಣ’ ಎನ್ನುತ್ತಾರೆ. ಯಾರೂ ಏನನ್ನೂ ಕೇಳುವುದಿಲ್ಲ. ಕೊಡುವವರೇ ತಿಳಿದುಕೊಂಡು ಕೊಡಲಿ ಎಂದು ಕಾಯುತ್ತಾರೆ. ಕಾಫಿ ಬೇಕೇ ಎಂದರೆ ಮೊದಲ ಸಲ ಬೇಡ, ಎರಡನೆಯ ಸಲ ಬೇಡವೇ ಬೇಡ. ಮೂರನೆಯ ಸಲ ಕೇಳಿದಾಗ ‘ಹಾಗಾದರೆ ಅರ್ಧ ಲೋಟ’ ಎಂದು ತುಂಬಿದ ಲೋಟವನ್ನು ತೆಗೆದುಕೊಳ್ಳುತ್ತಾರೆ. ಇಂಥವರ ನಡುವೆ ‘ಇದು ಮಗುವಿನ ಹಕ್ಕು’ ಎಂದು ಮೇಜಿನ ಮೇಲೆ ಇಡುವುದು ಊಟಕ್ಕೆ ಕರೆದವರ ಮನೆಯಲ್ಲಿ ಉಪ್ಪು ಕಡಿಮೆ ಎಂದಂತೆ. ಡೆಲ್ಫೀನ್ ಇಪ್ಪತ್ತೇಳು ವರ್ಷ ಅದನ್ನೇ ಮಾಡಿದರು. ಮಾಡಿಯೂ ಎಲ್ಲರ ಮನೆಯ ಊಟಕ್ಕೂ ಮತ್ತೆ ಮತ್ತೆ ಕರೆಸಿಕೊಂಡರು.

ಅವರು ಕಬ್ಬಿಣದ ಗಣಿಯ ಊರಿನವರು. ಗಣಿಯಲ್ಲಿ ಲಾರಿ ಓಡಿಸುತ್ತಿದ್ದ ತಂದೆಯ ಮಗಳು. ಡುಲೂತ್‌ನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದು, ಮದುವೆಯಾಗಿ ನಮ್ಮ ಊರಿಗೆ ಬಂದು, ಮೂರು ಶಾಲೆಗಳಿಗೆ ಒಬ್ಬರೇ ನರ್ಸಾಗಿ ಸೇರಿದರು. ಆ ಕಾಲದ ಒಂದು ಪ್ರಸಂಗವನ್ನು ಊರಿನಲ್ಲಿ ಇಂದಿಗೂ ನಗುತ್ತ ಹೇಳುತ್ತಾರೆ. ಆರನೆಯ ತರಗತಿಯ ಮಾಸ್ತರರೊಬ್ಬರು, ತಮಾಷೆಯ ಮನುಷ್ಯ, ಶೌಚಾಲಯಕ್ಕೆ ಹೋಗಲು ಅನುಮತಿಯ ಗುರುತಾಗಿ ಹಳೆಯ ಕಮೋಡಿನ ಮುಚ್ಚಳವೊಂದಕ್ಕೆ ಬಣ್ಣ ಹಚ್ಚಿ ಗೋಡೆಗೆ ತೂಗುಹಾಕಿದ್ದರು. ಹೋಗುವವರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಕು. ಮಕ್ಕಳಿಗೆಲ್ಲ ಅದು ಮೋಜು. ಆದರೆ ಆ ತರಗತಿಯಲ್ಲಿ ಕರುಳಿನ ಕಾಯಿಲೆಯ ಹುಡುಗಿಯೊಬ್ಬಳಿದ್ದಳು. ಅವಳಿಗೆ ದಿನಕ್ಕೆ ಹಲವು ಸಲ, ತಡೆಯಲಾಗದಂತೆ, ಓಡಬೇಕಾಗುತ್ತಿತ್ತು. ಅವಳು ಬೆಳಗಿನ ಊಟ ಬಿಟ್ಟಳು, ಮಧ್ಯಾಹ್ನದ್ದೂ ಬಿಟ್ಟಳು. ಡೆಲ್ಫೀನ್ ಅವಳ ತೂಕ ನೋಡಿ ಕಾರಣ ಹುಡುಕಿಕೊಂಡು ಹೋದರು. ಮಾಸ್ತರರಿಗೆ ಒಂದು ಮಾತೂ ಅನ್ನಲಿಲ್ಲ. ಆ ಮುಚ್ಚಳವನ್ನು ತೆಗೆದುಕೊಂಡು ಶಿಕ್ಷಕರ ಸಭೆಗೆ ಹೋಗಿ ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ ಇಟ್ಟರಂತೆ.

“ಇವತ್ತು ಸಭೆ ಉದ್ದ ಇದೆ, ಕಾಫಿನೂ ಜೋರಾಗಿದೆ. ಯಾರಿಗಾದ್ರೂ ಅರ್ಜೆಂಟ್ ಆದ್ರೆ ಇದನ್ನ ಹಿಡ್ಕೊಂಡು, ಪ್ರಿನ್ಸಿಪಾಲರ ಮುಂದೆ ಹಾದು ಹೋಗ್ಬೇಕು. ನಾನೂ ಹಂಗೇ ಹೋಗ್ತೀನಿ,” ಎಂದರಂತೆ.

ಸಭೆ ಮುಗಿಯುವವರೆಗೆ ಯಾರೂ ಏಳಲಿಲ್ಲ. ಯಾರೂ ಎರಡನೆಯ ಲೋಟ ಕಾಫಿಯನ್ನೂ ಕುಡಿಯಲಿಲ್ಲ. ಮರುದಿನ ಆ ತರಗತಿಯಲ್ಲಿ ಹುಡುಗಿಗೆ ಮಾತ್ರವಲ್ಲ, ಎಲ್ಲ ಮಕ್ಕಳಿಗೂ ಕೇಳದೆ ಎದ್ದುಹೋಗುವ ಅನುಮತಿ ಸಿಕ್ಕಿತು. ಹುಡುಗಿಯ ಯೋಜನೆಯಲ್ಲಿ ಅದನ್ನು ಬರೆದದ್ದು ಆಮೇಲೆ. ಒಂದು ಮಗುವಿಗೆ ಬೇಕಾದದ್ದನ್ನು ಕೊಡುವಾಗ ಆ ಮಗುವನ್ನು ಒಂಟಿಯಾಗಿ ನಿಲ್ಲಿಸಬಾರದು ಎಂಬುದು ಅವರ ಮೊದಲ ನಿಯಮವಾಯಿತು.

ಮುಂದೆ ಅವರು ನರ್ಸಿನ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿ, ಇಡೀ ಜಿಲ್ಲೆಯ ಶಾಲೆಗಳಿಗೆ ‘ಐನೂರ ನಾಲ್ಕ’ರ ಹೊಣೆ ಹೊತ್ತ ಮೇಲೆ ಒಂದು ವಿಚಿತ್ರ ಪದ್ಧತಿ ತಂದರು. ಯೋಜನೆಯ ಸಭೆಗೆ ಪ್ರಿನ್ಸಿಪಾಲರು, ಶಿಕ್ಷಕರು ಬರುವುದು ಎಲ್ಲ ಕಡೆ ಇರುವುದೇ. ಇವರು ಶಾಲಾ ಬಸ್ಸಿನ ಡ್ರೈವರನ್ನು, ಅಡುಗೆಯವರನ್ನು, ವ್ಯಾಯಾಮದ ಮೇಷ್ಟ್ರನ್ನು ಕರೆಸುತ್ತಿದ್ದರು. ಯೋಜನೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಪ್ರತಿ ವಾಕ್ಯ ಮುಗಿದಾಗಲೂ ತಲೆಯೆತ್ತಿ, “ಯಾರು?” ಎನ್ನುತ್ತಿದ್ದರು. ‘ಸಿಬ್ಬಂದಿ ಗಮನಿಸುವುದು’ ಎಂದು ಬರೆದಿದ್ದರೆ ಅದರ ಮೇಲೆ ಅಡ್ಡಗೆರೆ. ಯಾವ ಸಿಬ್ಬಂದಿ? ಅವರು ರಜೆಯಲ್ಲಿದ್ದರೆ ಯಾರು? ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತು ಕಂಡರೆ ಕನ್ನಡಕವನ್ನು ಹಣೆಗೇರಿಸಿ, “ಇದನ್ನ ಬರೆದವರಿಗೆ ಎಷ್ಟು ಮಟ್ಟಿಗೆ ಸಾಧ್ಯ ಅಂತ ಗೊತ್ತಿದ್ಯಾ? ಇದ್ರೆ ಅದನ್ನೇ ಬರೀಲಿ,” ಎನ್ನುತ್ತಿದ್ದರು. ಸಭೆಗಳು ಉದ್ದವಾಗುತ್ತಿದ್ದವು. ಬಸ್ಸಿನ ಡ್ರೈವರುಗಳು ಮಾತ್ರ ಎಂದೂ ದೂರಲಿಲ್ಲ. ಮೊದಲ ಸಲ ಯಾರೋ ಅವರನ್ನು ಸಭೆಗೆ ಕರೆದು ಕುರ್ಚಿ ಕೊಟ್ಟಿದ್ದರು.

ನನ್ನ ಮಗಳು ಸಿಗ್ನೆಗೆ ಎರಡನೆಯ ತರಗತಿಯಲ್ಲಿ ಮಧುಮೇಹ ಬಂತು. ಮಕ್ಕಳಿಗೆ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆಯದು. ಇನ್ಸುಲಿನ್ ಕಡಿಮೆಯಾದರೆ ಒಂದು ಅಪಾಯ; ಹೆಚ್ಚಾಗಿ ಸಕ್ಕರೆ ಇಳಿದರೆ ಇನ್ನೊಂದು, ಬೇಗ ಬರುವ ಅಪಾಯ. ಮಗು ನೋಡನೋಡುತ್ತಿದ್ದಂತೆ ಮಂಕಾಗಿ, ನಡುಗಿ, ಪ್ರಜ್ಞೆ ತಪ್ಪಬಹುದು. ನಾನು ಮೊದಲೇ ಚಿಂತೆಯ ಸ್ವಭಾವದವಳು. ಆ ಚಳಿಗಾಲ ಗ್ರಂಥಾಲಯದಲ್ಲಿ ಮಧ್ಯಾಹ್ನದ ಪಾಳಿ ಕೇಳಿ ಪಡೆದು, ಬೆಳಗ್ಗೆಯೆಲ್ಲ ಶಾಲೆಯ ಹೊರಗೆ ಕಾರಿನಲ್ಲಿ ಕೂರುತ್ತಿದ್ದೆ. ಚಳಿಗೆ ಎಂಜಿನ್ ಆರಿಸುವಂತಿರಲಿಲ್ಲ. ಒಂದು ದಿನ ಯಾರೋ ಗಾಜು ತಟ್ಟಿದರು.

“ಮರಿಟ್ ಅಲ್ವಾ ನೀವು? ನಿಮ್ಮ ಕಾರಿನ ಹೊಗೆ ನಮ್ಮ ಕಿಂಡರ್‌ಗಾರ್ಟನ್ ಕಿಟಕಿಗೆ ನೇರ ಬರ್ತಿದೆ. ಇಪ್ಪತ್ತು ಮಕ್ಕಳನ್ನ ಕೆಮ್ಮಿಸಿ ಒಂದನ್ನ ಕಾಯ್ತಾ ಇದೀರ.”

“ಕ್ಷಮಿಸಿ, ತೊಂದ್ರೆ ಕೊಟ್ಟೆ. ಈಗ್ಲೇ ತೆಗೀತೀನಿ,” ಎಂದೆ.

“ಕಾರು ತೆಗೀರಿ ಅನ್ನಲಿಲ್ಲ, ಒಳಗೆ ಬನ್ನಿ ಅಂತಿದೀನಿ. ನಿಮಗೆ ಏನೇನು ಭಯ ಇದೆಯೋ ಅದನ್ನೆಲ್ಲ ನನಗೆ ಹೇಳಿ. ಒಂದೊಂದು ಭಯಕ್ಕೂ ಒಬ್ಬೊಬ್ಬರನ್ನ ಹೊಣೆ ಮಾಡೋಣ.”

ಸಿಗ್ನೆಯ ಮೊದಲ ಯೋಜನೆ ಹೀಗೆ ಆರಂಭವಾಯಿತು. ನನ್ನ ಭಯಗಳು ಬಹಳ ಇದ್ದವು. ಡೆಲ್ಫೀನ್ ಯಾವುದಕ್ಕೂ ನಗಲಿಲ್ಲ. ‘ಹಾಗೇನೂ ಆಗುವುದಿಲ್ಲ’ ಎಂದು ಸಮಾಧಾನವನ್ನೂ ಹೇಳಲಿಲ್ಲ. ಬೆಂಕಿ ಬಿದ್ದರೆ ಹೊರಗೆ ಹೋಗುವ ಅಭ್ಯಾಸದ ಗಂಟೆ ಹೊಡೆದಾಗ ಔಷಧದ ಚೀಲ ಹೊರಗೆ ತರುವವರು ಯಾರು ಎಂದು ನಾನು ಕೇಳಿದಾಗ, ಆ ಪ್ರಶ್ನೆ ತಮಗೂ ಹೊಳೆದಿರಲಿಲ್ಲ ಎಂದು ಹೇಳಿ ಅದನ್ನು ಊರಿನ ಎಲ್ಲ ಯೋಜನೆಗಳಿಗೂ ಸೇರಿಸಿದರು. ಚಿಂತೆ ಮಾಡುವವರನ್ನು ಕೆಲಸಕ್ಕೆ ಹಚ್ಚುವ ಈ ಕಲೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಸಿಗ್ನೆ ಐದನೆಯ ತರಗತಿಗೆ ಬಂದ ವರ್ಷ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮಲ್ಲಿ ಐದನೆಯ ತರಗತಿ ಎಂದರೆ ಚಳಿಗಾಲದ ಶಿಬಿರ. ಕಾಡಿನೊಳಗಿನ ಸರೋವರದ ದಡದಲ್ಲಿ ಮರದ ಮನೆಗಳು, ಮೂರು ದಿನದ ವಾಸ, ಹಿಮದಲ್ಲಿ ಕಾಲು ಹೂಳದಂಥ ಅಗಲವಾದ ಹಿಮಬೂಟು ಕಟ್ಟಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ನಡಿಗೆ, ನಾಯಿಗಳು ಎಳೆಯುವ ಗಾಡಿ. ಈ ಊರಿನಲ್ಲಿ ಹುಟ್ಟಿದವರೆಲ್ಲ ಹೋಗಿಬಂದವರು. ನಾನೂ ಹೋಗಿದ್ದೆ, ನನ್ನ ತಂದೆಯೂ ಹೋಗಿದ್ದರು. ಆ ಶಿಬಿರದಲ್ಲಿ ಯಾರು ಯಾರ ಪಕ್ಕದಲ್ಲಿ ಮಲಗಿದರು ಎಂಬುದು ಮದುವೆಯ ಊಟದಲ್ಲೂ ಮಾತಾಗುತ್ತದೆ. ಆ ವರ್ಷದ ಪ್ರಕಟಣೆಯ ಕೊನೆಯಲ್ಲಿ ಎಂದಿನಂತೆ ಒಂದು ಸಾಲಿತ್ತು: ಆರೋಗ್ಯದ ತೊಂದರೆಯುಳ್ಳ ಮಕ್ಕಳ ತಂದೆ ಅಥವಾ ತಾಯಿ ಜೊತೆಗೆ ಬರಬೇಕಾಗಿ ಪ್ರೀತಿಯ ಕೋರಿಕೆ.

ಓದಿ ನನಗೆ ಸಮಾಧಾನವಾಯಿತು. ಚಳಿಯ ಉಡುಪು ತೆಗೆದಿಡಲು ಶುರುಮಾಡಿದೆ. ಡೆಲ್ಫೀನ್ ಸಭೆ ಕರೆದರು.

ಪ್ರಿನ್ಸಿಪಾಲ್ ಬ್ರಾಂಡ್‌ವೋಲ್ಡ್, ತರಗತಿಯ ಶಿಕ್ಷಕಿ, ಶಿಬಿರಕ್ಕೆ ಮಕ್ಕಳನ್ನು ಕರೆದೊಯ್ಯುವ ವ್ಯಾಯಾಮದ ಮೇಷ್ಟ್ರು ರೇನೋ ಮಾಕಿ, ನಾನು, ಸಿಗ್ನೆ. ಬ್ರಾಂಡ್‌ವೋಲ್ಡ್ ಅವರಷ್ಟು ಮೃದುವಾದ ಮನುಷ್ಯ ಸಿಗುವುದು ಕಷ್ಟ. ಸಿಗ್ನೆ ಆಸ್ಪತ್ರೆಯಲ್ಲಿದ್ದಾಗ ಇಡೀ ತರಗತಿಯ ಮಕ್ಕಳ ಅಂಗೈ ಗುರುತು ಹಾಕಿಸಿದ ಹೊದಿಕೆ ತಂದುಕೊಟ್ಟವರು.

“ನಮ್ಮ ಹತ್ರ ನರ್ಸ್ ಒಬ್ಬರೇ ಅಲ್ವಾ, ಅವರು ಊರು ಬಿಡೋ ಹಂಗಿಲ್ಲ. ಅಮ್ಮ ಜೊತೆಗಿದ್ರೆ ನಮಗೆಲ್ಲ ಒಂಥರಾ ನಿರಾಳ. ಮರಿಟ್‌ಗೂ ಒಂದು ರಜೆ ಆದಂಗಾಗುತ್ತೆ,” ಎಂದರು.

“ಅಯ್ಯೋ, ನನಗೇನೂ ತೊಂದ್ರೆ ಇಲ್ಲ. ಬರ್ತೀನಿ,” ಎಂದೆ ನಾನು.

ಡೆಲ್ಫೀನ್ ನಮ್ಮಿಬ್ಬರನ್ನೂ ಬಿಟ್ಟು ಮಗುವಿನ ಕಡೆ ತಿರುಗಿದರು. “ಸಿಗ್ನೆ, ನಿನಗೆ ಹೆಂಗೆ ಬೇಕು ಪುಟ್ಟಾ? ಅಮ್ಮ ಬರ್ಲಾ, ಬೇಡ್ವಾ?”

“ಪರವಾಗಿಲ್ಲ,” ಎಂದಳು ಸಿಗ್ನೆ.

“ಬರ್ಲಾ ಅಂದೆ.”

“ಅಮ್ಮ ಬಂದ್ರೂ ಪರವಾಗಿಲ್ಲ.”

ಡೆಲ್ಫೀನ್ ಮೂರನೆಯ ಸಲ ಕೇಳಿದರು. ಸಿಗ್ನೆ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ, ನನ್ನ ಕಡೆ ನೋಡದೆ, “ಬೇರೆ ಯಾರ ಅಮ್ಮನೂ ಬರಲ್ಲ,” ಎಂದಳು.

ನಮ್ಮೂರಿನಲ್ಲಿ ಮೂರನೆಯ ಉತ್ತರವೇ ನಿಜವಾದದ್ದು ಎಂದು ಎಲ್ಲರಿಗೂ ಗೊತ್ತು.

“ಗೇಲನ್,” ಎಂದರು ಡೆಲ್ಫೀನ್, “ಬೇರೆ ಮಕ್ಕಳ ತಾಯಂದಿರಿಗೆ ಹಾಕದೇ ಇರೋ ಷರತ್ತನ್ನ ಈ ಮಗು ತಾಯಿಗೆ ಹಾಕೋ ಹಂಗಿಲ್ಲ. ಶಿಬಿರ ಅಂದ್ರೆ ಶಾಲೆನೇ. ಶಾಲೆಗೆ ಬರೋಕೆ ಅಮ್ಮನ್ನ ಕರ್ಕೊಂಡು ಬಾ ಅಂತ ಹೇಳಿದ್ರೆ ಹೆಂಗೋ, ಇದೂ ಹಂಗೇ. ಪ್ರೀತಿಯ ಕೋರಿಕೆ ಅಂತ ಬರೆದ್ರೂ ಅದೇ.”

“ಷರತ್ತಲ್ಲ ಡೆಲ್ಫೀನ್, ಮರಿಟ್ ತಾವಾಗೇ ಬರ್ತೀನಿ ಅಂತಿದಾರಲ್ಲ!”

“ಹೌದು, ನಾನೇ...” ಎಂದು ನಾನು ಬಾಯಿ ಹಾಕಿದೆ.

ಅವರು ನನ್ನ ಕಡೆ ತಿರುಗಿದ ರೀತಿ ಇನ್ನೂ ಕಣ್ಣ ಮುಂದಿದೆ. ಕೋಪವಿರಲಿಲ್ಲ. “ಮರಿಟ್, ನೀವು ಒಳ್ಳೇವ್ರು. ನಿಮಗೆ ರಜೆನೂ ಸಿಗುತ್ತೆ. ಇನ್ನೆರಡು ವರ್ಷಕ್ಕೆ ಇನ್ಯಾರದೋ ಮಗು ಬರುತ್ತೆ. ಆ ತಾಯಿ ವೃದ್ಧಾಶ್ರಮದಲ್ಲಿ ಎರಡು ಪಾಳಿ ಕೆಲ್ಸ ಮಾಡೋಳು ಅಂತಿಟ್ಕೊಳ್ಳಿ. ಅವಳಿಗೆ ಇವರೆಲ್ಲ ಬಹಳ ಪ್ರೀತಿಯಿಂದ ಏನಂತಾರೆ ಗೊತ್ತಾ? ‘ಮರಿಟ್ ಬಂದಿದ್ರಲ್ಲ’ ಅಂತಾರೆ. ಆ ಮಗು ಮನೇಲಿ ಉಳಿಯುತ್ತೆ. ಒಳ್ಳೇತನ ಅನ್ನೋದು ಕೊಟ್ಟವರಿಗೆ ಬೇಜಾರಾದ ದಿನ ನಿಂತುಹೋಗುತ್ತೆ. ಇಲ್ಲಿ ಬರೆದದ್ದು ನಿಲ್ಲಲ್ಲ.”

ಬ್ರಾಂಡ್‌ವೋಲ್ಡ್ ಗಡ್ಡ ಸವರಿಕೊಂಡು, “ನೋಡೋಣ, ಸ್ವಲ್ಪ ಯೋಚನೆ ಮಾಡೋಣ,” ಎಂದರು. ಆ ಮಾತಿಗೆ ಸಭೆ ಏಳಬೇಕು. ಡೆಲ್ಫೀನ್ ಏಳಲಿಲ್ಲ. ಚೀಲದಿಂದ ಅರ್ಧ ಹೆಣೆದ ಕೈಗವಸನ್ನು ತೆಗೆದು ಹೆಣೆಯತೊಡಗಿದರು.

“ಏನ್ಮಾಡ್ತಿದೀರ?”

“ನೀವು ಯೋಚನೆ ಮಾಡಿ ಗೇಲನ್. ನನಗೆ ಅವಸರ ಇಲ್ಲ. ಹೆಬ್ಬೆರಳು ಇನ್ನೂ ಬಾಕಿ ಇದೆ.”

ಸೂಜಿಗಳ ಸದ್ದು ಮಾತ್ರ. ಸಿಗ್ನೆಗೆ ನಗು ಬಂದು ತಲೆ ತಗ್ಗಿಸಿದಳು. ಕೊನೆಗೆ ಬ್ರಾಂಡ್‌ವೋಲ್ಡ್ ಅವರೇ ಕೈಚೆಲ್ಲಿ, “ಹಾಗಾದ್ರೆ ಯಾರು? ನೀವೇ ಹೇಳಿ, ಯಾರು ಮಾಡ್ತಾರೆ?” ಎಂದರು. ತಾವು ಆಡಿದ್ದು ಯಾರ ಪ್ರಶ್ನೆ ಎಂದು ಅವರಿಗೆ ಆಮೇಲೆ ಹೊಳೆದಿರಬೇಕು.

ಅಲ್ಲಿಯವರೆಗೆ ಬಾಯಿ ಬಿಡದೆ ಕುಳಿತಿದ್ದ ರೇನೋ ಮಾಕಿ, “ನಾನು,” ಎಂದರು. ಮಿತಭಾಷಿಗಳೆಂದು ಹೆಸರಾದ ಫಿನ್ನಿಶ್ ಮನೆತನದವರು, ಅವರ ಬಾಯಿಂದ ಇಡೀ ವರ್ಷಕ್ಕೆ ಬರುವ ಬೆರಳೆಣಿಕೆಯ ಮಾತುಗಳಲ್ಲಿ ಅದೂ ಒಂದು ಎಂದು ಶಿಕ್ಷಕಿ ಆಮೇಲೆ ತಮಾಷೆ ಮಾಡಿದರು.

ಮುಂದಿನ ವಾರಗಳಲ್ಲಿ ಡೆಲ್ಫೀನ್ ಅವರ ಕೋಣೆ ಪಾಠಶಾಲೆಯಾಯಿತು. ರೇನೋ ಕಿತ್ತಳೆ ಹಣ್ಣಿಗೆ ಸೂಜಿ ಚುಚ್ಚಿ ಕಲಿತರು. ಬೆರಳಿನ ಹನಿ ರಕ್ತದಿಂದ ಸಕ್ಕರೆ ಅಳೆಯುವುದನ್ನು ತಮ್ಮ ಬೆರಳಿನ ಮೇಲೆಯೇ ಅಭ್ಯಾಸ ಮಾಡಿದರು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ, ಅಳೆಯುವ ಯಂತ್ರವೂ ಚಳಿಗೆ ಕೈಕೊಡುತ್ತದೆ. ಆದ್ದರಿಂದ ಎರಡನ್ನೂ ಅಂಗಿಯೊಳಗೆ, ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು ಎಂದು ಯೋಜನೆಯಲ್ಲಿ ಬರೆದರು. ಶಿಬಿರದ ಅಡುಗೆಯವರಾದ ವರ್ನಾ ಮಾತ್ರ ಗಟ್ಟಿಗಿತ್ತಿ. ಅವರ ಹಾಟ್‌ಡಿಶ್, ಎಂದರೆ ಕೊಚ್ಚಿದ ಮಾಂಸದ ಮೇಲೆ ಆಲೂಗಡ್ಡೆಯ ಉಂಡೆಗಳನ್ನು ಜೋಡಿಸಿ ಬೇಯಿಸುವ ನಮ್ಮೂರ ಖಾದ್ಯ, ಜಿಲ್ಲೆಗೇ ಹೆಸರಾದದ್ದು. ಒಂದು ಸಲ ಬಡಿಸಿದ್ದರಲ್ಲಿ ಎಷ್ಟು ಪಿಷ್ಟವಿದೆ ಎಂದು ತಿಳಿಯದೆ ಇನ್ಸುಲಿನ್ ಕೊಡಲಾಗುವುದಿಲ್ಲ.

“ಅಳತೆನಾ? ನಮ್ಮಮ್ಮನ ಕೈ ಅಳತೆ. ನಲವತ್ತು ವರ್ಷದಿಂದ ಯಾರೂ ಕೇಳಿಲ್ಲ,” ಎಂದರು ವರ್ನಾ.

“ಅಮ್ಮನ ಗುಟ್ಟು ನನಗೆ ಬೇಡ ವರ್ನಾ. ಉಂಡೆ ಎಷ್ಟು ಅಂತ ಎಣಿಸಿಕೊಡಿ, ಸಾಕು. ಮಸಾಲೆ ಸಮಾಧಿಗೇ ತಗೊಂಡು ಹೋಗಿ.”

ವರ್ನಾ ಎಣಿಸಿಕೊಟ್ಟರು. ಜೊತೆಗೆ, ಹೇಳದೆ ಕೇಳದೆ, ತಮ್ಮ ಬ್ರೆಡ್ಡಿನ ತುಂಡನ್ನೂ ತೂಗಿ ಚೀಟಿ ಅಂಟಿಸಿ ಕಳಿಸಿದರು.

ಯೋಜನೆಯ ಕೊನೆಯ ಓದಿನಲ್ಲಿ ಡೆಲ್ಫೀನ್ ಒಂದು ಹೊಸ ಸಾಲು ಸೇರಿಸಿದರು. ಸಕ್ಕರೆ ಇಳಿದಂತೆ ಅನುಮಾನ ಬಂದರೆ ಮಗುವನ್ನು ‘ಹೇಗಿದ್ದೀಯ’ ಎಂದು ಕೇಳಿ ಬಿಡುವಂತಿಲ್ಲ, ಅಳೆದೇ ನೋಡಬೇಕು. ‘ಪರವಾಗಿಲ್ಲ’ ಎಂಬ ಉತ್ತರವನ್ನು ಒಪ್ಪತಕ್ಕದ್ದಲ್ಲ.

“ಇದೇನು, ಮಗು ಮಾತು ನಂಬಬಾರದು ಅಂತನಾ?” ಎಂದರು ಬ್ರಾಂಡ್‌ವೋಲ್ಡ್.

“ನಮ್ಮೂರ ಮಗು ಅಲ್ವಾ ಗೇಲನ್? ಮೂರು ಸಲ ಕೇಳೋ ತನಕ ಸಕ್ಕರೆ ಕಾಯಲ್ಲ.”

ಶಿಬಿರದ ಎರಡನೆಯ ದಿನ ಮಧ್ಯಾಹ್ನ ಮಕ್ಕಳು ಸಾಲಾಗಿ ಸರೋವರದ ಮೇಲೆ ನಡೆಯುತ್ತಿದ್ದರು. ಹಿಮಬೂಟಿನ ನಡಿಗೆ ದಣಿಸುವಂಥದು. ದಣಿವು ಸಕ್ಕರೆಯನ್ನು ಇಳಿಸುತ್ತದೆ. ಸಿಗ್ನೆ ಸಾಲಿನಲ್ಲಿ ಹಿಂದೆ ಬಿದ್ದಳು. ನಡೆದದ್ದನ್ನು ನನಗೆ ಆಮೇಲೆ ಹೇಳಿದವಳು ಅವಳ ಗೆಳತಿ ಟೋವಾ. ರೇನೋ ಅವರಿಂದ ಅಷ್ಟು ಮಾತು ಹೊರಡಿಸುವುದು ಯಾರಿಂದಲೂ ಆಗದ ಕೆಲಸ.

ರೇನೋ ಹಿಂದಕ್ಕೆ ಬಂದು ಅವಳ ಮುಂದೆ ಮೊಣಕಾಲೂರಿದರು. ಟೋವಾ ಮುಂದಾಗಿ, “ಕೇಳಿದೆ ಸರ್, ಪರವಾಗಿಲ್ಲಂತೆ!” ಎಂದಳು.

“ಅದು ಉತ್ತರ ಅಲ್ಲ,” ಎಂದು ರೇನೋ ಕೈಗವಸು ಕಚ್ಚಿ ತೆಗೆದು, ಅಂಗಿಯೊಳಗಿನಿಂದ ಯಂತ್ರ ತೆಗೆದರು.

“ನಿಜವಾಗ್ಲೂ ಪರವಾಗಿಲ್ಲ ಮಿಸ್ಟರ್ ಮಾಕಿ, ಎಲ್ಲರೂ ನೋಡ್ತಿದಾರೆ,” ಎಂದಳು ಸಿಗ್ನೆ.

ಸಕ್ಕರೆ ತೀರ ಕೆಳಗಿಳಿದಿತ್ತು. ಯೋಜನೆಯಲ್ಲಿ ಇದ್ದದ್ದು ಅವಳಿಗೆ ಹಣ್ಣಿನ ರಸ ಕೊಡಬೇಕು, ಏರುವವರೆಗೆ ಹೆಜ್ಜೆ ಮುಂದಿಡಬಾರದು ಎಂದಷ್ಟೇ. ರೇನೋ ಮೊದಲು ಅವಳ ಕೈಗೆ ರಸ ಕೊಟ್ಟು, ಎದ್ದು ನಿಂತು, ಇಡೀ ಸಾಲಿಗೆ ಕೇಳುವಂತೆ, “ಎಲ್ಲರೂ ಕೂತ್ಕೊಳ್ಳಿ! ಈಗ ರಸ ಕುಡಿಯೋ ಹೊತ್ತು!” ಎಂದು ಕೂಗಿದರು. ಹಿಂದೆ ಎಳೆದು ತಂದಿದ್ದ ಹಿಮದ ಜಾರುಬಂಡಿಯ ಪೆಟ್ಟಿಗೆಯಲ್ಲಿ, ಬಿಸಿನೀರಿನ ಬಾಟಲಿಗಳ ನಡುವೆ, ಇಡೀ ತರಗತಿಗೆ ಸಾಕಾಗುವಷ್ಟು ರಸದ ಡಬ್ಬಿಗಳಿದ್ದವು. ಹಾಗೆ ತರಲು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಮಕ್ಕಳೆಲ್ಲ ಹಿಮದ ಮೇಲೆ ಕುಕ್ಕರಿಸಿ ರಸ ಹೀರಿದರು. ಯಾರು ಜೋರಾಗಿ ಸದ್ದು ಮಾಡುತ್ತಾರೆ ಎಂದು ಪಂದ್ಯ ಕಟ್ಟಿದರು. ಮತ್ತೆ ಅಳೆದಾಗ ಸಕ್ಕರೆ ಏರಿತ್ತು. ಸಾಲು ಮುಂದೆ ಹೊರಟಿತು.

ಅದೇ ಸಂಜೆ, ಶಿಬಿರದಿಂದ ಫೋನು ಬಂದ ಮೇಲೆ, ಡೆಲ್ಫೀನ್ ಗ್ರಂಥಾಲಯಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತರು. “ಸಕ್ಕರೆ ಇಳಿದಿತ್ತು. ರೇನೋ ನೋಡಿ ಏರಿಸಿದಾನೆ. ಈಗ ನಾಯಿಗಳ ಜೊತೆ ಆಡ್ತಿದಾಳೆ,” ಎಂದರು.

ಅವರ ಮಾತು ಮುಗಿಯುವಷ್ಟರಲ್ಲಿ ನಾನು ಕೋಟು ಹಾಕಿಕೊಂಡಾಗಿತ್ತು. ಕಾರಿನ ಕೀ ಕೈಯಲ್ಲಿತ್ತು. ಶಿಬಿರ ದೂರವೇನಲ್ಲ, ಊಟದ ಹೊತ್ತಿಗೆ ಅಲ್ಲಿರಬಹುದಿತ್ತು.

ಅವರು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಮಕ್ಕಳ ವಿಭಾಗದ ಚಿಕ್ಕ ಕುರ್ಚಿಯೊಂದನ್ನು ಎಳೆದುಕೊಂಡು, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತರು. “ಹೋಗ್ಬಹುದು ಮರಿಟ್. ನಿಮ್ಮನ್ನ ತಡೆಯೋಕೆ ನನ್ನ ಹತ್ರ ಏನೂ ಇಲ್ಲ. ಈ ಕಾನೂನು ಶಾಲೆನ ಕಟ್ಟಿಹಾಕುತ್ತೆ, ತಾಯಿನ ಕಟ್ಟಿಹಾಕಲ್ಲ.”

“ಮತ್ತೆ ಇಳಿದ್ರೆ?”

“ಮತ್ತೆ ಏರಿಸ್ತಾನೆ.”

“ಅವನು ಗಮನಿಸದೇ ಇದ್ರೆ?”

“ಇವತ್ತು ಗಮನಿಸಿದ.”

ನಾನು ಕೋಟಿನಲ್ಲೇ ಬಹಳ ಹೊತ್ತು ನಿಂತಿದ್ದೆ. ಪುಸ್ತಕ ಹಿಂತಿರುಗಿಸಲು ಬಂದ ಮುದುಕರೊಬ್ಬರು, “ಹೊರಟ್ರಾ?” ಎಂದು ಕೇಳಿದರು. “ಇಲ್ಲ,” ಎಂದೆ. ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿ, ಅವರ ಪುಸ್ತಕ ತೆಗೆದುಕೊಂಡೆ. ಗ್ರಂಥಾಲಯದ ಬಾಗಿಲು ಹಾಕುವವರೆಗೂ ಡೆಲ್ಫೀನ್ ಆ ಚಿಕ್ಕ ಕುರ್ಚಿಯಲ್ಲೇ ಕುಳಿತಿದ್ದರು.

ಮರುದಿನ ಬಸ್ಸು ಬಂದಾಗ ತಾಯಂದಿರೆಲ್ಲ ಸಾಲಾಗಿ ನಿಂತಿದ್ದೆವು. ಸಿಗ್ನೆ ಇಳಿದವಳೇ ಮಾತು ಶುರುಮಾಡಿದಳು. ಗಾಡಿ ಎಳೆಯುವ ನಾಯಿಯೊಂದು ಟೋವಾಳ ಟೋಪಿ ತಿಂದದ್ದು, ಶಿಕ್ಷಕಿ ಗೊರಕೆ ಹೊಡೆದದ್ದು, ವರ್ನಾ ಅವರ ಹಾಟ್‌ಡಿಶ್ ಮನೆಯದಕ್ಕಿಂತ ಚೆನ್ನಾಗಿರುವುದು, ಮುಂದಿನ ವರ್ಷ ಐದನೆಯ ತರಗತಿಗೆ ಬರುವ ಮಕ್ಕಳಿಗೆ ಹೇಳಕೂಡದ ಒಂದು ಗುಟ್ಟು. ಮನೆ ಮುಟ್ಟುವವರೆಗೂ ಮುಗಿಯಲಿಲ್ಲ. ಸರೋವರದ ಮೇಲೆ ಸಕ್ಕರೆ ಇಳಿದ ವಿಷಯ ಅದರಲ್ಲಿ ಎಲ್ಲೂ ಬರಲಿಲ್ಲ. ಅವಳು ಮುಚ್ಚಿಟ್ಟದ್ದಲ್ಲ, ಹೇಳಬೇಕಾದ ಅಷ್ಟು ಸಂಗತಿಗಳ ನಡುವೆ ಅದು ಅವಳಿಗೆ ನೆನಪಾಗಲೇ ಇಲ್ಲ. ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು, ಟೋಪಿ ತಿಂದ ನಾಯಿಯ ಹೆಸರೇನು ಎಂದು ಕೇಳಿದೆ.

ಮುಂದಿನ ವರ್ಷದ ಪ್ರಕಟಣೆಯಲ್ಲಿ ಆ ಪ್ರೀತಿಯ ಕೋರಿಕೆ ಇರಲಿಲ್ಲ. ಬ್ರಾಂಡ್‌ವೋಲ್ಡ್ ಅವರೇ ಅದನ್ನು ತೆಗೆದುಹಾಕಿಸಿದರು; ತಾವು ಬೇರೆ ಊರಿಗೆ ವರ್ಗವಾಗಿ ಹೋದಾಗ ಅಲ್ಲಿಯ ಪ್ರಕಟಣೆಯಿಂದಲೂ ತೆಗೆಸಿದರು ಎಂದು ಕೇಳಿದ್ದೇನೆ. ಎರಡು ವರ್ಷದ ನಂತರ ಅಪಸ್ಮಾರವಿದ್ದ ಮಗುವೊಂದು ಶಿಬಿರಕ್ಕೆ ಹೋಯಿತು. ಆ ಮಗುವಿನ ತಾಯಿ ಕೆಲಸದಲ್ಲಿದ್ದದ್ದು ವೃದ್ಧಾಶ್ರಮದಲ್ಲಲ್ಲ, ಕಾಗದದ ಕಾರ್ಖಾನೆಯಲ್ಲಿ. ಡೆಲ್ಫೀನ್ ಅವರ ಊಹೆ ಅಷ್ಟು ಮಾತ್ರ ತಪ್ಪಾಗಿತ್ತು. ಆ ತಾಯಿಯ ಸಭೆಗೆ ಡೆಲ್ಫೀನ್ ನನ್ನನ್ನೂ ಕರೆದರು. “ನೀವು ಏನೂ ಮಾತಾಡ್ಬೇಡಿ. ಪಕ್ಕದಲ್ಲಿ ಕೂತಿರಿ, ಸಾಕು,” ಎಂದರು. ಹೆದರಿದ ತಂದೆತಾಯಿಯರ ಪಕ್ಕದಲ್ಲಿ ಕೂರುವ ಆ ಕೆಲಸವನ್ನು ಅಂದಿನಿಂದ ಇಂದಿನವರೆಗೆ ಮಾಡುತ್ತ ಬಂದಿದ್ದೇನೆ. ಸಿಗ್ನೆ ಈಗ ಡುಲೂತ್‌ನಲ್ಲಿ ಓದುತ್ತಿದ್ದಾಳೆ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ನಾನು ಕೇಳುವುದನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಅವಳು ಬೈಯುವುದನ್ನೂ ಬಿಟ್ಟಿಲ್ಲ.

ಶ್ರೀಮತಿ ಓಕರ್‌ಲುಂಡ್ ಅವರು ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಇನ್ನು ಮೀನು ಹಿಡಿಯುತ್ತೇನೆ ಎಂದು ಊರಿಗೆಲ್ಲ ಹೇಳಿದ್ದಾರೆ. ಆದರೆ ಅಕ್ಕಪಕ್ಕದ ಜಿಲ್ಲೆಗಳ ಶಾಲೆಯವರು ತಿಂಗಳಿಗೊಮ್ಮೆ ಬಂದು ನಮ್ಮವರಿಗೂ ಕಲಿಸಿಕೊಡಿ ಎಂದು ಕೇಳಿದ್ದಾರೆ. ಅವರು ಎರಡು ಸಲ ಬೇಡವೆಂದಿದ್ದಾರಂತೆ. ದಯವಿಟ್ಟು ಯಾರಾದರೂ ಇನ್ನೊಮ್ಮೆ ಕೇಳಿ. ಅವರ ಕೈಗೆ ಆರೋಗ್ಯವಿರಲಿ, ಕಣ್ಣಿಗೆ ಬೆಳಕಿರಲಿ, ಅರ್ಧಕ್ಕೆ ನಿಂತ ಕೈಗವಸುಗಳೆಲ್ಲ ಮುಗಿಯಲಿ. ಮುಂದೊಂದು ಚಳಿಗಾಲದಲ್ಲಿ ಶ್ರೀಮತಿ ಓಕರ್‌ಲುಂಡ್ ಎಂದರೆ ಯಾರೆಂದೇ ತಿಳಿಯದ ಮಗುವೊಂದು, ತನಗೆ ಯಾವುದೋ ಕಾಯಿಲೆ ಇದೆ ಎಂಬುದನ್ನೂ ಮರೆತು, ನಾಯಿಗಳ ಕಥೆ ಹೇಳಿಕೊಂಡು ಆ ಬಸ್ಸಿನಿಂದ ಇಳಿಯುತ್ತದೆ. ಅದನ್ನು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡುವಷ್ಟು, ನೋಡಿ ಒಬ್ಬರೇ ನಗುವಷ್ಟು ದೀರ್ಘಾಯುಷ್ಯ ಅವರದಾಗಲಿ.